ಬಕೆಟ್ಟಿನ ತಳದ ಕರಿ ಪುಡಿ

ಕೆಮಿಸ್ಟ್ರಿ ಓದಿದವರಿಗೆ ಧೈರ್ಯ ಜಾಸ್ತಿ ಎಂದು ಜನ ಅಂದುಕೊಂಡಿದ್ದಾರೆ. ಶುದ್ಧ ಸುಳ್ಳು. ನಾನು ಒಂದು ಸಣ್ಣ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆ, ಅಷ್ಟೂ ವರ್ಷ ಹೆದರಿಕೊಂಡೇ ಮಾಡಿದೆ. ಬೆಳಿಗ್ಗೆ ಜಯನಗರದ ಮನೆಯ ಮೆಟ್ಟಿಲು ಇಳಿಯುವಾಗ ಹೊಟ್ಟೆಯಲ್ಲಿ ಶುರುವಾಗುತ್ತಿದ್ದ ಸಂಕಟ ಸಂಜೆ ಬಸ್ಸು ಹತ್ತಿದ ಮೇಲೆಯೇ ಇಳಿಯುತ್ತಿದ್ದದ್ದು. ಅಮ್ಮ ಅದನ್ನು ಪಿತ್ತ ಎಂದು ತಿಳಿದು ಜೀರಿಗೆ ಕಷಾಯ ಮಾಡಿಕೊಡುತ್ತಿದ್ದಳು. ನಾನೂ ಪಿತ್ತವೆಂದೇ ಕುಡಿಯುತ್ತಿದ್ದೆ. ನಿಜ ಹೇಳಿದ್ದರೆ ಮಾರನೆಯ ದಿನವೇ ಕೆಲಸ ಬಿಡಿಸಿ ಗಂಡು ಹುಡುಕಲು ಹೊರಟುಬಿಡುತ್ತಿದ್ದಳು. ನನಗೆ ಆ ಹೆದರಿಕೆ ಇನ್ನೂ ದೊಡ್ಡದಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಜೆ.ಪಿ. ನಗರದ ಮನೆಗಳು ಮುಗಿದು ರಾಗಿ ಹೊಲ ಶುರುವಾಗುವ ಕಡೆ ನಮ್ಮ ಶೆಡ್ಡು. ಶೀಟಿನ ಸೂರು, ಮೂರು ಕೋಣೆ, ಹಿಂದುಗಡೆ ಒಂದು ಬಾವಿ. ಕಟ್ಟಿಸಿದವರು ಕಾಲೇಜಿನಿಂದ ನಿವೃತ್ತರಾದ ರಸಾಯನಶಾಸ್ತ್ರದ ಮೇಷ್ಟ್ರು. ನಾನು ಅವರ ಕೊನೆಯ ಬ್ಯಾಚಿನ ವಿದ್ಯಾರ್ಥಿನಿ. ಪೆಟ್ರೋಲಿನಿಂದ ತೆಗೆಯುವುದನ್ನೆಲ್ಲ ಬೆಲ್ಲದಿಂದಲೂ ತೆಗೆಯಬಹುದು ಎನ್ನುವುದು ಅವರ ಹುಚ್ಚು. ಆ ಹುಚ್ಚಿಗೆ ಅವರು ಪಿಂಚಣಿ ಸುರಿದರು, ನಾನು ನಿದ್ದೆ ಸುರಿದೆ.

ಮೊದಲ ಕೋಣೆಯಲ್ಲಿ ಸಕ್ಕರೆ ಕಾರ್ಖಾನೆಯಿಂದ ತಂದ ಕಾಕಂಬಿಯನ್ನು ನೀರಿನಲ್ಲಿ ಕದಡಿ ಹುಳಿ ಬರಿಸುತ್ತಿದ್ದೆವು. ಹಾಲಿಗೆ ಹೆಪ್ಪು ಹಾಕಿ ಮರೆತರೆ ಮೊಸರು ಹುಳಿಯಾಗುತ್ತದಲ್ಲ, ಅದೇ ಜಾತಿಯ ಸೂಕ್ಷ್ಮಜೀವಿಗಳು, ಅದೇ ಲ್ಯಾಕ್ಟಿಕ್ ಆಮ್ಲ. ಎರಡನೆಯ ಕೋಣೆಯಲ್ಲಿ ಆ ಹುಳಿಯನ್ನು ಸುಣ್ಣದಿಂದ ಹಿಡಿದು, ಮತ್ತೆ ಬಿಡಿಸಿ, ಸ್ಪಿರಿಟ್ಟಿನ ಜೊತೆ ಕಾಯಿಸಿದರೆ ಹಣ್ಣಿನ ವಾಸನೆಯ ತೆಳು ದ್ರವ ಸಿಗುತ್ತಿತ್ತು. ಇಲ್ಲಿಯವರೆಗೆ ಅಡುಗೆಮನೆಯ ಕೆಲಸವೇ, ನನಗೆ ಭಯವಿರಲಿಲ್ಲ. ಮೂರನೆಯ ಕೋಣೆ ಬೇರೆ. ಅಲ್ಲಿ ಆ ದ್ರವವನ್ನು ದಪ್ಪ ಉಕ್ಕಿನ ಪಾತ್ರೆಗೆ ಸುರಿದು, ಒಂದು ಕರಿ ಪುಡಿ ಬೆರೆಸಿ, ಮುಚ್ಚಳದ ಬೋಲ್ಟು ಬಿಗಿದು, ಸಿಲಿಂಡರಿನಿಂದ ಜಲಜನಕ ತುಂಬಿ ಗಂಟೆಗಟ್ಟಲೆ ಕಾಯಿಸಬೇಕು. ಕೊನೆಗೆ ಮಂದವಾದ, ನಾಲಿಗೆಗೆ ತುಸು ಸಿಹಿಯಾದ ಗ್ಲೈಕಾಲ್ ಇಳಿಯುತ್ತಿತ್ತು. ಔಷಧಿಗೆ, ಮುಲಾಮಿಗೆ ಬೇಕಾಗುವ ಸಾಮಾನು. ಹೊರದೇಶದಿಂದ ತರಿಸಲು ಲೈಸೆನ್ಸಿಗೆ ಅಲೆದು ಜನರ ಚಪ್ಪಲಿ ಸವೆಯುತ್ತಿದ್ದ ಕಾಲ ಅದು, ಹಾಗಾಗಿ ನಾವು ಮಾಡಿದ ಚೂರುಪಾರಿಗೂ ಬೇಡಿಕೆ ಇತ್ತು.

ಆ ಕರಿ ಪುಡಿಯೇ ಕ್ಯಾಟಲಿಸ್ಟು. ಅದಿಲ್ಲದಿದ್ದರೆ ಜಲಜನಕಕ್ಕೂ ದ್ರವಕ್ಕೂ ಪರಿಚಯವೇ ಆಗುವುದಿಲ್ಲ. ಪಾಠ ಹೇಳುವವರು ಕ್ಯಾಟಲಿಸ್ಟನ್ನು ಮದುವೆ ದಲ್ಲಾಳಿಗೆ ಹೋಲಿಸುತ್ತಾರೆ: ಸಂಬಂಧ ಕುದುರಿಸಿ, ಊಟ ಮಾಡಿ, ಬಂದ ಹಾಗೆಯೇ ಎದ್ದು ಹೋಗುತ್ತದೆಯಂತೆ. ನಮ್ಮ ದಲ್ಲಾಳಿ ಅಂಥ ಮರ್ಯಾದಸ್ಥನಲ್ಲ. ನಿಕ್ಕಲ್ಲು ಮತ್ತು ಅಲ್ಯೂಮಿನಿಯಂ ಬೆರೆತ ಲೋಹವನ್ನು ಕಾಸ್ಟಿಕ್ ಸೋಡಾದಲ್ಲಿ ಹಾಕಿದರೆ ಅಲ್ಯೂಮಿನಿಯಂ ಕರಗಿಹೋಗಿ, ಮೈಯೆಲ್ಲ ಕಣ್ಣಿಗೆ ಕಾಣದ ತೂತುಗಳಿರುವ ನಿಕ್ಕಲ್ಲು ಉಳಿಯುತ್ತದೆ. ನೀರಿನಡಿ ಇರುವವರೆಗೆ ಅದು ಕೆರೆಯ ಗೋಡುಮಣ್ಣಿನ ಹಾಗೆ ಸುಮ್ಮನಿರುತ್ತದೆ. ನೀರಾರಿ ಗಾಳಿ ತಾಗಿತೋ, ಕಡ್ಡಿ ಗೀರುವುದೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿಸಿದ ಪುಡಿ ಜಲಜನಕ ಕುಡಿದಿರುವುದರಿಂದ ಇನ್ನೂ ಕೆಟ್ಟದ್ದು.

ನಾನು ಸೇರಿದ ದಿನವೇ ಮೇಷ್ಟ್ರು ಅದರ ಒಂದು ಚಿಟಿಕೆಯನ್ನು ಸೋಸುವ ಕಾಗದದ ಮೇಲೆ ಹರಡಿ, ಕೈಕಟ್ಟಿ ನಿಂತು ನೋಡು ಎಂದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಾಗದ ಕಂದಿತು, ನಡುವೆ ಒಂದು ತೂತು ಬಿತ್ತು, ಪುಡಿ ಕೆಂಪಗೆ ಉರಿಯತೊಡಗಿತು. ಹೊಗೆಯಿಲ್ಲ, ಸದ್ದಿಲ್ಲ. "ನೋಡಮ್ಮ, ಒದ್ದೆ ಇರೋವರೆಗೂ ಇದು ಹಸು, ಒಣಗಿದ್ರೆ ಹುಲಿ," ಎಂದರು. ಬಳಸಿ ಮುಗಿದ ಪುಡಿಯನ್ನು ಬಾವಿಯ ಪಕ್ಕದ ಬಕೆಟ್ಟಿನಲ್ಲಿ ನೀರು ತುಂಬಿ ಮುಳುಗಿಸಿಡುತ್ತಿದ್ದೆವು. ತಿಂಗಳಿಗೊಮ್ಮೆ ಮೇಷ್ಟ್ರೇ ನಿಂತು ಅದನ್ನು ಆಸಿಡ್ಡಿನಲ್ಲಿ ಕೊಲ್ಲುತ್ತಿದ್ದರು. ಕೊಲ್ಲುವುದು ಎನ್ನುವುದು ಅವರದೇ ಮಾತು.

ನಮ್ಮಲ್ಲಿ ಗಾಜಿನ ಸಾಮಾನು ತೊಳೆಯಲು ಒಬ್ಬಾಕೆ ಬರುತ್ತಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಮುಸುರೆ ಪಾತ್ರೆ ತೊಳೆಯುತ್ತಿದ್ದವಳೇ ಆಕೆ. ಶೆಡ್ಡಿನ ಲ್ಯಾಬಿನಲ್ಲಿ ಹಿಂದೆ ತೊಳೆಯುತ್ತಿದ್ದವನು ವಾರಕ್ಕೆರಡು ಫ್ಲಾಸ್ಕು ಒಡೆಯುತ್ತಿದ್ದುದರಿಂದ ನಾನೇ ಮೇಷ್ಟ್ರಿಗೆ ಹೇಳಿ ಸೇರಿಸಿದ್ದೆ. ಬೆಳಿಗ್ಗೆ ನಮ್ಮ ಮನೆ, ಆಮೇಲೆ ಮಧ್ಯಾಹ್ನದವರೆಗೆ ಲ್ಯಾಬು, ಆಮೇಲೆ ಕೋಣನಕುಂಟೆಯ ತನ್ನ ಗುಡಿಸಲು. ಮಣ್ಣಿನ ಗೋಡೆ, ತೆಂಗಿನ ಗರಿಯ ಸೂರು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ಬಂದು ಬಾಣಂತನ ಮಾಡಿಸಿಕೊಳ್ಳುತ್ತಿದ್ದಳು. ಕೂಸಿಗೆ ಇನ್ನೂ ತಿಂಗಳು ತುಂಬಿ ವಾರವೂ ಆಗಿರಲಿಲ್ಲ. ಅದರ ಕಾಲ್ಬೆರಳು ಎಷ್ಟುದ್ದ, ಅದು ಎಷ್ಟು ಸಲ ಸೀನಿತು ಎನ್ನುವುದೆಲ್ಲ ನನಗೆ ಪೈಪೆಟ್ಟು ತೊಳೆಯುವ ಹೊತ್ತಿನಲ್ಲಿ ವರದಿಯಾಗುತ್ತಿತ್ತು.

ಬಾವಿಯ ಪಕ್ಕದ ಬಕೆಟ್ಟು ಮುಟ್ಟಬೇಡ ಎಂದು ಮೇಷ್ಟ್ರು ಆಕೆಗೆ ಮೊದಲ ದಿನವೇ ಹೇಳಿದ್ದರು. ಯಾಕೆ ಎಂದು ಹೇಳಿರಲಿಲ್ಲ. ದೊಡ್ಡವರು ಕಾರಣ ಹೇಳುವುದಿಲ್ಲ, ಚಿಕ್ಕವರು ಕೇಳುವುದಿಲ್ಲ. ನಮ್ಮ ಕಡೆಯ ಪದ್ಧತಿಯೇ ಹಾಗೆ. ನಾನಾದರೂ ಹೇಳಬಹುದಿತ್ತು. ಹೇಳಿದರೆ ಹೆದರಿ ಕೆಲಸ ಬಿಟ್ಟಾಳು, ಮತ್ತೆ ಫ್ಲಾಸ್ಕು ಒಡೆಯುವವನು ಬಂದಾನು ಎಂದು ಸುಮ್ಮನಿದ್ದೆ.

ಅದೊಂದು ಗುರುವಾರ. ಲೈಸೆನ್ಸು ಕಚೇರಿಯ ಕೆಲಸವೆಂದು ಮೇಷ್ಟ್ರು ಪೇಟೆಗೆ ಹೋಗಿದ್ದರು. ಉಕ್ಕಿನ ಪಾತ್ರೆಯನ್ನು ನಾನೊಬ್ಬಳೇ ಕಾಯಿಸಬೇಕಾಗಿ ಬಂದದ್ದು ಅದೇ ಮೊದಲು. ಹನ್ನೊಂದೂವರೆಯ ಸುಮಾರಿಗೆ ಒತ್ತಡದ ಗೇಜಿನ ಮುಳ್ಳು ಮೇಷ್ಟ್ರು ಎಳೆದಿದ್ದ ಕೆಂಪು ಗೆರೆಯ ಹತ್ತಿರ ಹೋಗಿ ನಡುಗತೊಡಗಿತು. ಬಿಸಿ ತಗ್ಗಿಸಿದೆ. ಮುಳ್ಳು ಇಳಿಯಲಿಲ್ಲ. ಹೆದರುವವರ ಮೇಲೆಯೇ ಹಾವು ಎಸೆದರಂತೆ, ಇವರು ಇಂದೇ ಹೋಗಬೇಕಿತ್ತೇ ಎಂದು ಮನಸ್ಸಿನಲ್ಲೇ ಮೇಷ್ಟ್ರನ್ನು ಬೈದೆ. ಆಗ ಬಾಗಿಲಲ್ಲಿ ಅಕ್ಕ ಬಂದು ನಿಂತಳು.

"ಮೇಡಂ, ಆ ಬಕೆಟ್ ತಳದಾಗೆ ಕರಿ ಪುಡಿ ಐತಲ್ಲ, ದೀಪ ಬೆಳಗಕ್ಕೆ ಒಂದಿಷ್ಟು ತಕ್ಕೊಂಡ್ ಹೋಗ್ಲಾ?" ಎಂದಳು.

ನನಗೆ ಸ್ಪಷ್ಟವಾಗಿ ಕೇಳಿಸಿತು. ಈಗಲೂ ಆ ಮಾತಿನ ಒಂದೊಂದು ಅಕ್ಷರ ಕೇಳಿಸುತ್ತದೆ. ನನ್ನ ಕಣ್ಣು ಮುಳ್ಳಿನ ಮೇಲಿತ್ತು, ಆಕೆ ಅಲ್ಲಿಂದ ಹೋದರೆ ಸಾಕಾಗಿತ್ತು. "ಹೂಂ, ತಗೊಳ್ಳಿ ಅಕ್ಕ," ಎಂದುಬಿಟ್ಟೆ. ಮಾತಾಡಿದರೆ ಹೋಯಿತು, ಮುತ್ತೊಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಹೋಗುವಾಗ ಸದ್ದೂ ಮಾಡಲಿಲ್ಲ.

ಮುಳ್ಳು ಇಳಿಯುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆಯಾಯಿತು. ಪಾತ್ರೆ ತಣ್ಣಗಾದ ಮೇಲೆ ಜಲಜನಕವನ್ನು ಹೊರಗೆ ಬಿಟ್ಟು, ದ್ರವ ಸೋಸಿ, ಉಳಿದ ಪುಡಿಯನ್ನು ನೀರಿನ ಬಟ್ಟಲಲ್ಲಿ ಹಿಡಿದು ಬಾವಿಯ ಹತ್ತಿರ ಹೋದೆ. ಅಲ್ಲಿ ಬಕೆಟ್ಟು ಬೋರಲು ಬಿದ್ದಿತ್ತು. ತೊಳೆದು, ನೀರಿಳಿಯಲೆಂದು ಬೋರಲು ಹಾಕಿದ್ದಳು. ಒಳಗೆ ಒಂದು ಕಣ ಕಪ್ಪು ಇರಲಿಲ್ಲ. ಒಂದಿಷ್ಟು ತೆಗೆದುಕೊಳ್ಳುತ್ತೇನೆ ಎಂದವಳು ಪೂರ್ತಿ ಬಳಿದು, ಪಾತ್ರೆ ಖಾಲಿಯಾದರೆ ತೊಳೆದಿಡಬೇಕು ಎನ್ನುವ ತನ್ನ ನಿಯಮದಂತೆ ನಡೆದಿದ್ದಳು.

ಗರಿಯ ಸೂರು. ಒಳಗೆ ಬಾಣಂತಿ, ಕೂಸು. ಬಾಣಂತಿ ಮಲಗುವ ಕಡೆ ಕೆಂಡದ ಮಡಕೆ ಇಟ್ಟಿರುತ್ತಾರೆ, ಗಾಳಿ ಬರದಂತೆ ಬಾಗಿಲು ಮುಚ್ಚಿರುತ್ತಾರೆ, ಹಗ್ಗದ ಮೇಲೆ ಕೂಸಿನ ಬಟ್ಟೆಗಳು ಒಣಗುತ್ತಿರುತ್ತವೆ. ಇದೆಲ್ಲ ಒಂದಾದ ಮೇಲೊಂದು ತಲೆಯಲ್ಲಿ ಬಂತು. ಮೇಷ್ಟ್ರಿಗೆ ತಿಳಿಸಲು ಫೋನಿಲ್ಲ, ಅವರು ಎಲ್ಲಿದ್ದಾರೆಂದೂ ಗೊತ್ತಿಲ್ಲ. ಬೀಗ ಹಾಕಿ, ಅದೇ ಬಕೆಟ್ಟು ಹಿಡಿದು ಕನಕಪುರ ರಸ್ತೆಗೆ ಓಡಿದೆ.

ಬಸ್ಸಿನಲ್ಲಿ ಕಂಡಕ್ಟರು ನನ್ನ ಕೈಯ ಖಾಲಿ ಬಕೆಟ್ಟು ನೋಡಿ, ಜೆ.ಪಿ. ನಗರದಲ್ಲಿ ನೀರು ನಿಂತುಹೋಯಿತಾ ಮೇಡಂ ಎಂದು ತಮಾಷೆ ಮಾಡಿದ. ನಾನು ಅವನನ್ನು ನೋಡಿದ ರೀತಿಗೆ ಮುಂದೆ ಮಾತಾಡದೆ ಟಿಕೆಟ್ಟು ಹರಿದ. ಒಂದು ಕಡೆ ಬಸ್ಸು ನಿಂತೇಬಿಟ್ಟಿತು; ಯಾರೋ ಹಲಸಿನ ಹಣ್ಣುಗಳನ್ನು ಮೇಲೆ ಏರಿಸುತ್ತಿದ್ದರು. ಒಂದೊಂದೇ ಹಣ್ಣು. ನಾನು ಕಿಟಕಿಯಿಂದ ತಲೆ ಹಾಕಿ ದೂರದಲ್ಲಿ ಹೊಗೆ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಸಂಜೆಯಾಗುತ್ತಿತ್ತು, ಒಲೆ ಹಚ್ಚುವ ಹೊತ್ತು, ಎಲ್ಲ ಮನೆಗಳ ಮೇಲೂ ಹೊಗೆ ಇತ್ತು. ದೇವರಿಗೆ ಹರಕೆ ಹೊತ್ತೆ. ಏನು ಹೊತ್ತೆ ಎಂದು ನೆನಪಿಲ್ಲ, ತೀರಿಸಲೂ ಇಲ್ಲ.

ಆಕೆಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಕ್ಕ ಮನೆಯ ಮುಂದೆಯೇ ಕುಕ್ಕರಗಾಲಲ್ಲಿ ಕುಳಿತು, ಹುಣಸೆಹಣ್ಣಿನ ಜೊತೆ ಆ ಕರಿ ಪುಡಿ ಹಚ್ಚಿ ಹಿತ್ತಾಳೆಯ ದೀಪದ ಕಂಬ ತಿಕ್ಕುತ್ತಿದ್ದಳು. ಮಾರನೆಯ ದಿನ ಶುಕ್ರವಾರ, ದೀಪ ಬೆಳಗಬೇಕಲ್ಲ. ಬೂದಿ, ಇಟ್ಟಿಗೆ ಪುಡಿ, ಇದ್ದಿಲು ಎಲ್ಲವನ್ನೂ ಕಂಡ ಕೈ ಅದು. ಲ್ಯಾಬಿನ ಸಿಂಕಿನಲ್ಲಿ ಯಾವಾಗಲೋ ಅಂಟಿಕೊಂಡಿದ್ದ ಚೂರು ಪುಡಿಯಿಂದ ಹಿತ್ತಾಳೆಯ ನಲ್ಲಿ ಫಳಫಳ ಹೊಳೆದದ್ದನ್ನು ನೋಡಿ, ಇದಕ್ಕಿಂತ ಒಳ್ಳೆಯ ಪಾತ್ರೆ ಪುಡಿ ಭೂಮಿ ಮೇಲಿಲ್ಲ ಎಂದು ಆಕೆ ತೀರ್ಮಾನಿಸಿದ್ದಳು. ದೀಪವೇನೋ ಚಿನ್ನದ ಹಾಗೆ ಹೊಳೆಯುತ್ತಿತ್ತು. ನನ್ನನ್ನು ಕಂಡು ಎದ್ದು ನಿಂತು, ಅಮ್ಮಾವರಿಗೆ ಹುಷಾರಿಲ್ಲವಾ ಎಂದು ಗಾಬರಿಯಿಂದ ಕೇಳಿದಳು.

ಉಳಿದ ಪುಡಿ ಎಲ್ಲಿ ಎಂದೆ. ಅದನ್ನು ಆಕೆ ಹಂಚಿದ್ದಳು. ಒಳ್ಳೆಯದು ಸಿಕ್ಕರೆ ಒಬ್ಬಳೇ ಇಟ್ಟುಕೊಳ್ಳುವುದು ಆ ಬೀದಿಯ ಹೆಂಗಸರಿಗೆ ಗೊತ್ತಿಲ್ಲ. ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಪಕ್ಕದ ಮನೆಗೆ ಒಂದು, ಮೂಲೆಯ ಅಂಗಡಿಯಾಕೆಗೆ ಒಂದು ಕೊಟ್ಟಿದ್ದಳು. ಬಕೆಟ್ಟಿಗೆ ನೀರು ತುಂಬಿಕೊಂಡು ಮೊದಲು ಅಂಗಡಿಗೆ ಓಡಿದೆವು. ಪೊಟ್ಟಣ ಗಲ್ಲಾದ ಪಕ್ಕದಲ್ಲೇ ಇತ್ತು, ಇನ್ನೂ ಒದ್ದೆ. ಅದನ್ನು ಹಾಗೆಯೇ ನೀರಿಗೆ ಹಾಕಿದೆ. ಅಂಗಡಿಯಾಕೆ, ಕೊಟ್ಟು ಕಿತ್ತುಕೊಳ್ಳುವುದೂ ಒಂದು ಬುದ್ಧಿಯಾ ಎಂದು ಗೊಣಗಿದಳು. ಪಕ್ಕದ ಮನೆಯವಳು ಪೊಟ್ಟಣ ಬಿಚ್ಚಿ ಕಾಂಪೌಂಡು ಗೋಡೆಯ ಮೇಲೆ ಬಿಸಿಲಿಗೆ ಹರಡಿದ್ದಳು. ನಾವು ಹೋಗುವ ಹೊತ್ತಿಗೆ ಪೇಪರಿನ ಅಂಚು ಕಂದು ಬಣ್ಣಕ್ಕೆ ತಿರುಗಿ ಸುರುಟುತ್ತಿತ್ತು. ನಮ್ಮ ಕಣ್ಣೆದುರಿಗೇ ನಡುವೆ ಒಂದು ಕೆಂಪು ಚುಕ್ಕೆ ಎದ್ದು ಅಗಲವಾಯಿತು. ನಾನು ಬಕೆಟ್ಟಿನ ನೀರು ಎರಚಿದೆ. ಅದು ಚುಸ್ಸೆಂದು ಸದ್ದು ಮಾಡಿ ಆರಿತು.

ಅಕ್ಕ ಅದನ್ನು ನೋಡಿದಳು. ಬೆಂಕಿ ಎಲ್ಲಿಂದ ಬಂತು ಎಂದು ಕೇಳಲಿಲ್ಲ. ತನ್ನ ಮನೆಯ ಕಡೆ ತಿರುಗಿದಳು.

"ಅಯ್ಯೋ, ಒಳಗೆ ಒಂದು ತಟ್ಟೆ ಇಟ್ಟಿವ್ನಿ," ಎಂದಳು. "ಒಣಗ್ಲಿ ಅಂತ ಕೆಂಡದ ಪಕ್ಕ."

ಇಬ್ಬರೂ ಓಡಿದೆವು. ಆಕೆ ಬಾಗಿಲು ತಳ್ಳಿದಳು. ಹೊರಗಿನ ಬೆಳಕಿನಿಂದ ಹೋದ ನನಗೆ ಒಳಗೆ ಮೊದಲು ಎರಡು ಕೆಂಪು ಮಾತ್ರ ಕಂಡವು. ಒಂದು ಮಡಕೆಯ ಕೆಂಡ. ಇನ್ನೊಂದು ಅದರ ಪಕ್ಕದ ಅಲ್ಯೂಮಿನಿಯಂ ತಟ್ಟೆಯಲ್ಲಿತ್ತು, ಕೆಂಡಕ್ಕಿಂತ ಕೆಂಪಗೆ, ತಟ್ಟೆಯ ಅಗಲಕ್ಕೂ ಹರಡಿಕೊಂಡು ಸುಮ್ಮನೆ ಉರಿಯುತ್ತಿತ್ತು. ತಟ್ಟೆಯ ಕೆಳಗಿನ ಈಚಲು ಚಾಪೆ ಹೊಗೆಯಾಡುತ್ತಿತ್ತು. ಚಾಪೆಯ ಇನ್ನೊಂದು ತುದಿಯಲ್ಲಿ ಮಗಳು ಗೋಡೆಯ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದಳು. ಅವಳ ಬೆನ್ನಿನ ಹಿಂದೆ, ತಟ್ಟೆಯ ಕಡೆಗೆ, ಕೂಸು. ಅದು ಎಚ್ಚರವಾಗಿತ್ತು. ಆ ಕೆಂಪನ್ನೇ ನೋಡುತ್ತ ಕಾಲು ಬಡಿಯುತ್ತಿತ್ತು.

ನನ್ನ ಕೈಯಲ್ಲಿ ಅರ್ಧ ಬಕೆಟ್ಟು ನೀರಿತ್ತು. ಏನು ಮಾಡಬೇಕು ಎನ್ನುವುದು ಆ ಬೀದಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಎಂ.ಎಸ್ಸಿ. ಮಾಡಿದವಳು, ಮೇಷ್ಟ್ರ ಪಾಠ ಕಣ್ಣಾರೆ ಕಂಡವಳು. ಹೊಸ್ತಿಲ ಮೇಲೆ ನಿಂತೆ, ಅಷ್ಟೇ. ಕಾಲು ಒಳಗೆ ಬರಲಿಲ್ಲ. ಎಷ್ಟು ಹೇಳಿದರೂ ಬರಲಿಲ್ಲ.

ಅಕ್ಕ ನನ್ನನ್ನು ಸರಿಸಿಕೊಂಡು ಒಳಗೆ ಹೋಗಿ ಆ ತಟ್ಟೆಯನ್ನು ಬರಿಗೈಯಲ್ಲಿ ಎತ್ತಿದಳು. ಸೆರಗು ಸುತ್ತಿಕೊಳ್ಳಲಿಲ್ಲ, ಸುತ್ತಿಕೊಂಡಿದ್ದರೆ ಸೆರಗು ಹೊತ್ತುತ್ತಿತ್ತು. ಕೂಸಿನ ಮೇಲಿಂದ ದಾಟಿಸುವಾಗ ಅದು ಓರೆಯಾಗಬಾರದೆಂದು ಎರಡೂ ಕೈಯಲ್ಲಿ ಮಟ್ಟಸವಾಗಿ ಹಿಡಿದು, ನಿಧಾನವಾಗಿ ನಡೆದು ಬಂದಳು. ಕೂಗಲಿಲ್ಲ. ಬಾಗಿಲ ಹೊರಗೆ ಬಂದ ಮೇಲೆ ಬಚ್ಚಲ ತೊಟ್ಟಿಗೆ ಎಸೆದು, ಅದರ ನೀರಿನಲ್ಲೇ ಕೈ ಮುಳುಗಿಸಿ ಕುಳಿತಳು. ಆಮೇಲೆ ನಾನು ಹೋಗಿ, ಅಂಗಡಿಯ ಪೊಟ್ಟಣ ಬಕೆಟ್ಟಿನ ತಳದ ನೀರಿನಲ್ಲೇ ಉಳಿಯುವಂತೆ ನೋಡಿಕೊಂಡು, ಚಾಪೆಯ ಮೇಲೆ ನೀರು ಸುರಿದೆ. ಮಗಳು ಬೆಚ್ಚಿ ಎದ್ದು ಯಾರು ಎಂದಳು. ಹೊಗೆ ಹೋಗಲೆಂದು ಬಾಗಿಲು ತೆರೆದಿಟ್ಟು, ಕೂಸನ್ನು ಅವಳ ಮಡಿಲಿಗೆ ಕೊಟ್ಟು, ಕೆಂಡ ಸಿಡಿಯಿತು ಎಂದೆ. ಅಷ್ಟು ಬೇಗ ಸುಳ್ಳು ಬಂತು.

ಅಕ್ಕನ ಬಲಗೈಯ ಅಂಗೈ ಪೂರ್ತಿ ಬೊಬ್ಬೆ ಎದ್ದಿತ್ತು, ಎಡಗೈಯಲ್ಲಿ ಬೆರಳ ತುದಿಗಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದೆ. ಅಲ್ಲಿಯೂ ಆಕೆ ನನ್ನ ಮುಖ ನೋಡಿಕೊಂಡು, ಕೆಂಡದ ಮಡಕೆ ಎತ್ತೋಕೆ ಹೋದೆ ಸಾರ್ ಎಂದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಚಾಪೆ, ಕೂಸು, ಬೊಬ್ಬೆ ಯಾವುದೂ ನೆನಪಾಗಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ನೆನಪಾದದ್ದು ಒಂದೇ: ನಾಳೆ ಮೇಷ್ಟ್ರು ಬರುತ್ತಾರೆ, ಬಕೆಟ್ಟು ನೋಡುತ್ತಾರೆ, ಯಾರು ಕೊಟ್ಟರು ಎಂದು ಕೇಳುತ್ತಾರೆ. ಆಕೆ ಹೇಳುತ್ತಾಳೆ. ಉಕ್ಕಿನ ಪಾತ್ರೆಗೆ ಹೆದರುತ್ತಿದ್ದವಳು ಈಗ ಕೈ ಸುಟ್ಟುಕೊಂಡ ಆ ಹೆಂಗಸಿಗೆ ಹೆದರತೊಡಗಿದೆ. ಮನೆ ತಲುಪುವ ಹೊತ್ತಿಗೆ ಉತ್ತರ ಸಿದ್ಧವಾಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ ಸಾರ್, ನನಗೆ ಗೊತ್ತೇ ಇಲ್ಲ ಎನ್ನುವುದು. ಅದನ್ನು ಮನಸ್ಸಿನಲ್ಲಿ ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿಕೊಂಡೆ. ಆಶ್ಚರ್ಯದ ದನಿ ಚೆನ್ನಾಗಿ ಒಪ್ಪಿತು.

ಶುಕ್ರವಾರ ಬೆಳಿಗ್ಗೆ ಆಕೆ ಬರುವುದಿಲ್ಲ ಎಂದುಕೊಂಡಿದ್ದೆ. ಎಂದಿನ ಹೊತ್ತಿಗೇ ಬಂದಳು. ಬಲಗೈಯ ಕಟ್ಟಿನ ಮೇಲೆ ಹಳೆಯ ಬಟ್ಟೆ ಸುತ್ತಿ, ಬೆರಳ ತುದಿಗಳು ಸುಟ್ಟ ಎಡಗೈಯಲ್ಲಿ ಹಿತ್ತಲ ಕಲ್ಲಿನ ಮೇಲೆ ಪಾತ್ರೆ ತಿಕ್ಕತೊಡಗಿದಳು. ಅಮ್ಮ ಕೈಗೇನಾಯಿತು ಎಂದರೆ ಕೆಂಡ ಎಂದಳು. ಅಮ್ಮ ಅಯ್ಯೋ ಪಾಪ ಎಂದು ಪೂಜೆಗೆ ಒಳಗೆ ಹೋದಳು. ನಾನು ಹಿತ್ತಲ ಬಾಗಿಲಲ್ಲಿ ನಿಂತೆ. ಆಕೆ ಎದ್ದು ಹತ್ತಿರ ಬಂದಳು. ಈಗ ಕೇಳುತ್ತಾಳೆ, ನೀವೇ ಹೂಂ ಅಂದಿರಲ್ಲ ಎನ್ನುತ್ತಾಳೆ ಎಂದುಕೊಂಡೆ. ಸಿದ್ಧಮಾಡಿಕೊಂಡಿದ್ದ ಉತ್ತರ ನಾಲಿಗೆಯ ತುದಿಗೆ ಬಂತು.

"ಮೇಡಂ, ಸಾರ್‌ಗೆ ಹೇಳ್ಬೇಡಿ," ಎಂದಳು. "ನೀವು ಆ ಮುಳ್ಳು ನೋಡ್ತಿದ್ರಿ, ನಿಮ್ಗೆ ಗ್ಯಾನ ಇರ್ಲಿಲ್ಲ. ಅಂಥ ಹೊತ್ನಾಗೆ ಕೇಳಿದ್ದು ನಂದೇ ತಪ್ಪು. ಬಕೆಟ್ ಮುಟ್ಬೇಡ ಅಂದಿದ್ರು ಸಾರು, ಗೊತ್ತಾದ್ರೆ ನಿಲ್ಲಿಸ್ಬಿಡ್ತಾರೆ. ಬಾಣಂತಿ ಅವ್ಳೆ ಮನೇಲಿ."

ಆಗ ನಾನು ಹೇಳಬೇಕಾದದ್ದು ಏನು ಎಂದು ನನಗೆ ಗೊತ್ತಿತ್ತು. ನನಗೆ ಕೇಳಿಸಿತ್ತು ಅಕ್ಕ, ಜ್ಞಾನವಿದ್ದೇ ಹೂಂ ಅಂದೆ, ತಪ್ಪು ನನ್ನದು. ಇಷ್ಟೇ ಮಾತು. ಬಾಯಿ ತೆರೆದೆ. ಅದರಿಂದ ಬಂದದ್ದು ಬೇರೆ.

"ಆಯ್ತು ಅಕ್ಕ. ಈ ಸಲ ಹೇಳಲ್ಲ."

ಈ ಸಲ ಎಂದೆ. ಅಷ್ಟು ದೊಡ್ಡವಳಾದೆ ನಾನು. ಆಕೆ ಕೈಮುಗಿಯಲು ಹೋದಳು. ಬಲಗೈ ಮಡಿಸಲು ಬಾರದೆ, ಬಟ್ಟೆ ಸುತ್ತಿದ ಆ ಅಂಗೈಗೆ ಎಡಗೈಯನ್ನು ತಾಗಿಸಿ, ನೋವಿಗೆ ತುಟಿ ಕಚ್ಚಿಕೊಂಡು, ದೊಡ್ಡ ಮನಸ್ಸು ಮೇಡಂ ನಿಮ್ಮದು ಎಂದಳು. ನಾನು ಅಲ್ಲ ಎನ್ನಲಿಲ್ಲ. ಆ ನಮಸ್ಕಾರವನ್ನು ತೆಗೆದುಕೊಂಡು ಸ್ನಾನಕ್ಕೆ ಹೋದೆ.